ಜಪಾನಿ ಚಿತ್ರಕಥೆಗಳ ಪಾತ್ರಗಳ ಹೆಸರನ್ನು ಉಚ್ಚರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಾ ಎಂದು ಕರೆಯುವ ಜಪಾನಿನ ಚಿತ್ರಕಥೆಗಳನ್ನು (ಕಾಮಿಕ್ಸ್) ನಾವು ಹೆಚ್ಚಾಗಿ ಇಂಗ್ಲಿಷ್ ಅನುವಾದದಲ್ಲಿ ಓದುತ್ತೇವೆ, ಅವುಗಳ ಅನಿಮೆ (ಕಾರ್ಟೂನ್) ರೂಪವನ್ನು ಇಂಗ್ಲಿಷ್ ಅಥವಾ ಹಿಂದಿ ಧ್ವನಿಯಲ್ಲಿ ಕೇಳುತ್ತೇವೆ. ಹೀಗಾಗಿ ಪಾತ್ರಗಳ ಹೆಸರುಗಳು ಬಳಸುದಾರಿಯಲ್ಲಿ ನಮ್ಮ ಬಾಯಿಗೆ ಬರುತ್ತವೆ, ಬರುವ ಹೊತ್ತಿಗೆ ಸಾಕಷ್ಟು ಸವೆದಿರುತ್ತವೆ. ಜಪಾನಿ ನುಡಿಯಿಂದ ಕನ್ನಡಕ್ಕೆ ನೇರವಾದ ದಾರಿಯೊಂದಿದೆ, ಅದು ಇಂಗ್ಲಿಷಿನ ದಾರಿಗಿಂತ ಎಷ್ಟೋ ಸಲೀಸಾಗಿದೆ ಎಂಬುದನ್ನು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಗೋಕು, ಗೊಕು, ಗೊಕೂ: ಇವುಗಳಲ್ಲಿ ಯಾವುದು ಸರಿ?

ಡ್ರ್ಯಾಗನ್ ಬಾಲ್ ಕಥೆಯ ನಾಯಕನ ಈ ಹೆಸರಿಗೆ ಗೊಕೂ ಸರಿ. ಮೊದಲ ಅಕ್ಷರ ಹ್ರಸ್ವ, ಎರಡನೆಯದು ದೀರ್ಘ. ನಮ್ಮಲ್ಲಿ ಬಳಕೆಯಲ್ಲಿರುವ ಗೋಕು ಎಂಬ ಉಚ್ಚಾರಣೆಯಲ್ಲಿ ಇವೆರಡೂ ಅದಲುಬದಲಾಗಿವೆ. ಗೊಜೋ ಸತೊರು ಎಂಬ ಪಾತ್ರಕ್ಕೂ ಇದೇ ಗತಿಯಾಗಿದೆ. ಹೆಚ್ಚಿನವರು ಅವನನ್ನು ಗೋಜೊ ಎಂದು ಕರೆಯುತ್ತಾರೆ. ಜಪಾನಿನಲ್ಲಿ ಬರೆಯುವಾಗ ಈ ದೀರ್ಘವನ್ನು ಸ್ಪಷ್ಟವಾಗಿ ತೋರಿಸುತ್ತಾರೆ, ಆದರೆ ಇಂಗ್ಲಿಷ್ ಅನುವಾದದಲ್ಲಿ ಅಕ್ಷರದ ಮೇಲೆ ಎಳೆಯಬೇಕಾದ ಅಡ್ಡಗೆರೆಯನ್ನು ಬಿಟ್ಟುಬಿಡುವುದರಿಂದ ದೀರ್ಘ ಎಲ್ಲಿದೆ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.

ಜಪಾನಿ ನುಡಿಯಲ್ಲಿ ಇರುವುದು ಐದೇ ಸ್ವರಗಳು: ಅ, ಇ, ಉ, ಎ, ಒ. ಪ್ರತಿಯೊಂದಕ್ಕೂ ದೀರ್ಘರೂಪವಿದೆ, ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ. ಒಜಿಸನ್ ಎಂದರೆ ಮಾವ ಅಥವಾ ಚಿಕ್ಕಪ್ಪ, ಒಜೀಸನ್ ಎಂದರೆ ಅಜ್ಜ. ಯುಕಿ ಎಂದರೆ ಹಿಮ, ಯೂಕಿ ಎಂದರೆ ಧೈರ್ಯ. ಎರಡೂ ಹೆಸರುಗಳಾಗಿ ಬಳಕೆಯಲ್ಲಿವೆ, ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ರೀತಿಯಲ್ಲಿ ಅಚ್ಚುಹಾಕುವುದುಂಟು.

ಇಲ್ಲಿ ಕನ್ನಡಕ್ಕಿರುವ ಅನುಕೂಲವನ್ನು ಒತ್ತಿ ಹೇಳಬೇಕು. ಹಿಂದಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರಕ್ಕೂ ಹ್ರಸ್ವ ಒಕಾರಕ್ಕೂ ಪ್ರತ್ಯೇಕ ಅಕ್ಷರಗಳಿಲ್ಲ, ಆದ್ದರಿಂದ ಡೋರೆಮಾನ್ ಕಥೆಯ ಹುಡುಗನ ಹೆಸರನ್ನು ಅಲ್ಲಿ ನೋಬಿತಾ ಎಂದು ಬರೆಯುವುದು ಅನಿವಾರ್ಯ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆಬೇರೆಯಾಗಿ ಇವೆ. ಜಪಾನಿಯರು ಹೇಳುವಂತೆಯೇ ನೊಬಿತ ಎಂದು ಬರೆಯಲು ನಮಗೆ ಯಾವ ಅಡ್ಡಿಯೂ ಇಲ್ಲ. ಹಾಗಿದ್ದೂ ನಾವು ನೋಬಿತಾ ಎನ್ನುವುದಕ್ಕೆ ಒಂದು ಕಾರಣ, 2000ರ ದಶಕದ ನಡುವಿನಲ್ಲಿ ಆ ಕಥೆ ಭಾರತದ ಮನೆಗಳ ಟಿವಿಗೆ ಹಿಂದಿ ಧ್ವನಿಯಲ್ಲಿ ಬಂದದ್ದು.

ಹೆಸರಿನ ಕೊನೆಯ ಒಕಾರವನ್ನು ಎಳೆಯದೆ ಹೇಳುವುದು ಕಷ್ಟವಾಗುತ್ತದೆ. ಏನು ಮಾಡಬೇಕು?

ಕನ್ನಡದಲ್ಲಿ ಹ್ರಸ್ವ ಒಕಾರದಿಂದ ಕೊನೆಯಾಗುವ ಪದಗಳು ತೀರ ಕಡಿಮೆ, ಆದ್ದರಿಂದ ನರುತೊ ಎಂಬುದು ನಮ್ಮ ಬಾಯಲ್ಲಿ ತಾನಾಗಿಯೇ ನರುತೋ ಆಗಿಬಿಡುತ್ತದೆ. ಗೆಳೆಯನನ್ನು ಸಲಿಗೆಯಿಂದ ಬಾರೊ, ಹೋಗೊ ಎಂದು ಕರೆಯುವಾಗ ಕೊನೆಯ ಒಕಾರ ಮೊಟಕಾಗಿರುತ್ತದಲ್ಲವೇ, ಅದನ್ನೇ ಇಲ್ಲಿ ತಂದುಕೊಂಡರೆ ಸಾಕು. ಆದರೆ ತಂಜಿರೋ, ಕ್ಯೋಜುರೋ ಮುಂತಾದ ಹೆಸರುಗಳಲ್ಲಿ ಕೊನೆಯ ಒಕಾರ ನಿಜವಾಗಿಯೂ ದೀರ್ಘ. ಗಂಡುಮಕ್ಕಳ ಹೆಸರಿನ ಕೊನೆಯಲ್ಲಿ ಬರುವ ರೋ ಎಂಬ ಭಾಗ ಸಾಮಾನ್ಯವಾಗಿ ದೀರ್ಘವಾಗಿಯೇ ಇರುತ್ತದೆ, ಹೆಣ್ಣುಮಕ್ಕಳ ಹೆಸರಿನ ಕೊನೆಯ ಕೊ ಹ್ರಸ್ವ: ನೆಜುಕೊ.

ನರುಟೋ ಎನ್ನಬೇಕೇ, ನರುತೊ ಎನ್ನಬೇಕೇ?

ನರುತೊ. ಜಪಾನಿಯರ ತಕಾರ ಮತ್ತು ದಕಾರಗಳನ್ನು ಹೇಳುವಾಗ ನಾಲಿಗೆ ಮೇಲಿನ ಹಲ್ಲುಗಳ ಬುಡಕ್ಕೆ ತಾಗುತ್ತದೆ, ಹಿಂದಕ್ಕೆ ಮಡಚಿಕೊಳ್ಳುವುದಿಲ್ಲ. ಇಂಗ್ಲಿಷ್ ಪದಗಳನ್ನು ಟ, ಡ ಬಳಸಿ ಬರೆಯುವ ನಮ್ಮ ರೂಢಿಯೇ ಜಪಾನಿ ಹೆಸರುಗಳಿಗೂ ಅಂಟಿಕೊಂಡಿದೆ. ಇತಚಿ ಇಟಾಚಿಯಾಗಿದ್ದಾನೆ, ಇತದೊರಿ ಇಟಡೋರಿಯಾಗಿದ್ದಾನೆ. ನಮ್ಮ ರಸ್ತೆಗಳಲ್ಲಿ ಓಡಾಡುವ ಹೋಂಡಾ ಕೂಡ ಜಪಾನಿನಲ್ಲಿ ಹೊಂದ ಎಂಬ ಮನೆತನದ ಹೆಸರು. ಇಂಗ್ಲಿಷ್ ಮಾತಾಡುವವರಿಗೆ ಈ ತಕಾರ ಸುಲಭವಾಗಿ ಒದಗುವುದಿಲ್ಲ. ನಮಗಾದರೋ ಅದು ಎಳವೆಯಿಂದಲೇ ಬಾಯಲ್ಲಿದೆ. ಇದ್ದದ್ದನ್ನು ಬಿಟ್ಟು ಎರವಲು ಟಕಾರವನ್ನು ಹಿಡಿಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿರುವ ಹೆಸರನ್ನು ನಂಬಬಾರದೇ?

ವ್ಯಂಜನಗಳ ಮಟ್ಟಿಗೆ ಬಹುಪಾಲು ನಂಬಬಹುದು. ಇಂದು ಹೆಚ್ಚಾಗಿ ಕಾಣುವ ಬರವಣಿಗೆಯ ಕ್ರಮಕ್ಕೆ ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್ ಅವರ ಹೆಸರಿದೆ. ಯೊಕೊಹಮದಲ್ಲಿದ್ದ ಈ ಅಮೆರಿಕನ್ ವೈದ್ಯ ಮಿಷನರಿ 1867ರಲ್ಲಿ ಜಪಾನಿ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಅದರ 1886ರ ಮೂರನೆಯ ಆವೃತ್ತಿಯ ಮೂಲಕ ಈ ಕ್ರಮ ವ್ಯಾಪಕವಾಗಿ ಹರಡಿತು. ಇದರಲ್ಲಿ ವ್ಯಂಜನಗಳು ಇಂಗ್ಲಿಷಿನಂತೆ, ಸ್ವರಗಳು ಇಟಾಲಿಯನ್ ಭಾಷೆಯಂತೆ ಎಂಬುದು ಮುಖ್ಯ ಸೂತ್ರ. ಆದ್ದರಿಂದ ರೋಮನ್ ‘ಯು’ ಅಕ್ಷರ ಕಂಡಲ್ಲಿ ಯಾವಾಗಲೂ ಉ ಎಂದೇ ಓದಬೇಕು, ‘ಇ’ ಅಕ್ಷರವನ್ನು ಎ ಎಂದೇ ಓದಬೇಕು, ಅದು ಹೆಸರಿನ ಕೊನೆಯಲ್ಲಿದ್ದರೂ ಮೂಕವಾಗುವುದಿಲ್ಲ. ಜಪಾನ್ ಸರ್ಕಾರ 1954ರಲ್ಲಿ ಅಧಿಕೃತಗೊಳಿಸಿದ ಇನ್ನೊಂದು ಕ್ರಮದಲ್ಲಿ ಶಿ ಎಂಬುದನ್ನು ಸಿ ಎಂಬಂತೆ, ತ್ಸು ಎಂಬುದನ್ನು ತು ಎಂಬಂತೆ ಬರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ಅಂತಹ ರೂಪ ಕಂಡರೆ ಬೇರೆ ಹೆಸರೆಂದು ಭಾವಿಸಬೇಕಾಗಿಲ್ಲ.

ಜಪಾನಿ ಹೆಸರಿನ ಲಯವನ್ನು ಹಿಡಿಯುವುದು ಹೇಗೆ?

ಮಾತ್ರೆ ಎಣಿಸುವುದರಿಂದ. ಶಾಲೆಯಲ್ಲಿ ಷಟ್ಪದಿಗೆ ಲಘು ಗುರು ಹಾಕಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಜಪಾನಿ ನುಡಿಯ ಲಯ ನಿಂತಿರುವುದೇ ಮಾತ್ರೆಯ ಮೇಲೆ. ಹೈಕುವಿನ ಐದು-ಏಳು-ಐದು ಎಂಬ ಲೆಕ್ಕ ಕೂಡ ಮಾತ್ರೆಗಳ ಲೆಕ್ಕವೇ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೆ ಎರಡು, ಒತ್ತಕ್ಷರದ ಮೊದಲ ಭಾಗಕ್ಕೆ ಒಂದು, ಸೊನ್ನೆಗೆ ಒಂದು. ಗೊಕೂ ಮೂರು ಮಾತ್ರೆ. ತಂಜಿರೋ ಐದು ಮಾತ್ರೆ: ತ, ನ್, ಜಿ, ರೊ, ಒ. ಹತ್ತೊರಿ ನಾಲ್ಕು, ಇಪ್ಪೊ ಮೂರು. ಒತ್ತಕ್ಷರವನ್ನು ಸಡಿಲಿಸಿ ಹತೊರಿ ಎಂದರೆ ಬೇರೆ ಹೆಸರಾಗುತ್ತದೆ. ಅಕ್ಕ, ಹತ್ತು, ಅಪ್ಪ ಎಂದು ದಿನವೂ ಹೇಳುವ ನಾವು ಇಲ್ಲಿ ಎಡವುವ ಕಾರಣವಿಲ್ಲ, ಹೆಸರನ್ನು ಇಂಗ್ಲಿಷಿನವರಂತೆ ಹೇಳಲು ಹೊರಟಾಗ ಮಾತ್ರ ಎಡವುತ್ತೇವೆ.

ಆದರೆ ಲಘು ಗುರುವಿನ ಲೆಕ್ಕ ಕೈಕೊಡುವ ಒಂದು ಜಾಗವಿದೆ. ತ್ಸು ಎಂಬುದು ಕನ್ನಡದಲ್ಲಿ ಬರೆದಾಗ ಒತ್ತಕ್ಷರದಂತೆ ಕಂಡರೂ ಜಪಾನಿನಲ್ಲಿ ಅದು ಒಡೆಯಲಾಗದ ಒಂದೇ ಧ್ವನಿ, ನಮ್ಮ ಚಕಾರ ಒಂದೇ ಆಗಿರುವಂತೆ. ತತ್ಸುಯ ಎಂಬ ಹೆಸರನ್ನು ನಾವು ತತ್-ಸು-ಯ ಎಂದು ಬಿಡಿಸಿ ನಾಲ್ಕು ಮಾತ್ರೆ ಮಾಡುತ್ತೇವೆ. ಅದು ತ-ತ್ಸು-ಯ, ಮೂರೇ ಮಾತ್ರೆ. ಕ್ಯೋ, ರ್ಯೂ, ಹ್ಯೋ ಮುಂತಾದವೂ ಹಾಗೆಯೇ. ಇವುಗಳ ನಡುವೆ ಇಕಾರವನ್ನು ಸೇರಿಸಿ ಕಿಯೋ, ರಿಯೂ ಎನ್ನಬಾರದು. ಬ್ಯೋಇನ್ ಎಂದರೆ ಆಸ್ಪತ್ರೆ, ಬಿಯೋಇನ್ ಎಂದರೆ ಕೇಶಾಲಂಕಾರದ ಅಂಗಡಿ.

ಜೆನಿತ್ಸು ಎಂಬ ಹೆಸರನ್ನು ಜಪಾನಿಯರು ಬೇರೆ ರೀತಿಯಲ್ಲಿ ಹೇಳುವಂತೆ ಕೇಳಿಸುತ್ತದೆ. ಯಾಕೆ?

ಆ ಹೆಸರಿನ ನಡುವೆ ನಿ ಎಂಬ ಅಕ್ಷರವೇ ಇಲ್ಲ. ಅದು ಜೆ, ನ್, ಇ, ತ್ಸು ಎಂಬ ನಾಲ್ಕು ಮಾತ್ರೆಗಳ ಹೆಸರು; ನಕಾರ ತನ್ನ ಮಾತ್ರೆಯನ್ನು ತಾನೇ ಇಟ್ಟುಕೊಂಡು ನಿಂತಿರುತ್ತದೆ, ಮುಂದಿನ ಇಕಾರದೊಂದಿಗೆ ಬೆರೆಯುವುದಿಲ್ಲ. ಕನ್ನಡದಲ್ಲಿ ಇದನ್ನು ಜೆನ್‌ಇತ್ಸು ಎಂದು ಬರೆಯುವುದು ಒಳ್ಳೆಯದು. ಪತ್ತೇದಾರ ಹುಡುಗ ಕುದೋ ಶಿನ್‌ಇಚಿಯ ಹೆಸರೂ ಹಾಗೆಯೇ, ಶಿನಿಚಿ ಅಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಈ ನಕಾರದ ನಂತರ ಒಂದು ಚಿಹ್ನೆ ಹಾಕುವ ನಿಯಮವಿದ್ದರೂ ಅನುವಾದಗಳಲ್ಲಿ ಅದನ್ನು ಹೆಚ್ಚಾಗಿ ಕೈಬಿಡುತ್ತಾರೆ.

ಸ್ವರದ ಬದಲು ವ್ಯಂಜನ ಮುಂದೆ ಬಂದಾಗ ಈ ನಕಾರ ನಮ್ಮ ಅನುಸ್ವಾರದಂತೆಯೇ ನಡೆದುಕೊಳ್ಳುತ್ತದೆ. ಕನ್ನಡದ ಸೊನ್ನೆ ಅಂಕದಲ್ಲಿ ಒಂದು ಧ್ವನಿ, ಅಂದದಲ್ಲಿ ಇನ್ನೊಂದು, ಅಂಬರದಲ್ಲಿ ಮಕಾರ. ಜಪಾನಿನಲ್ಲೂ ಪ, ಬ, ಮಗಳ ಮುಂದೆ ಅದು ಮಕಾರವಾಗುತ್ತದೆ, ಹಾಗಾಗಿ ಹಿರಿಯ ವಿದ್ಯಾರ್ಥಿಯನ್ನು ಕರೆಯುವ ಪದ ಸೆಂಪೈ. ಇಂಗ್ಲಿಷಿನಲ್ಲಿ ನಕಾರ ಬರೆದಿದ್ದಾರೆಂದು ಸೆನ್‌ಪೈ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಸೊನ್ನೆ ಹಾಕಿ ಬರೆಯುವ ನಮ್ಮ ಪದ್ಧತಿ ಇಲ್ಲಿ ತಾನಾಗಿಯೇ ಸರಿಯಾದ ಧ್ವನಿಯನ್ನು ಕೊಡುತ್ತದೆ.

ಸಸುಕೆ ಎಂದು ಬರೆದಿರುತ್ತದೆ, ಸಸ್ಕೆ ಎಂದು ಕೇಳಿಸುತ್ತದೆ. ಯಾವುದನ್ನು ಅನುಸರಿಸಬೇಕು?

ಟೋಕಿಯೊ ಕಡೆಯ ನುಡಿಯಲ್ಲಿ ಕ, ಸ, ಶ, ತ, ಹ ಮುಂತಾದ ಅಘೋಷ (ಗಂಟಲಿನ ನಾದವಿಲ್ಲದ) ಧ್ವನಿಗಳ ನಡುವೆ ಸಿಕ್ಕಿಕೊಂಡ ಇಕಾರ ಉಕಾರಗಳು ಗಂಟಲಿನ ನಾದವನ್ನು ಕಳೆದುಕೊಂಡು ಪಿಸುಮಾತಿನಂತಾಗುತ್ತವೆ. ಸಸುಕೆ ಸಸ್ಕೆಯಂತೆ, ಇನೊಸುಕೆ ಇನೊಸ್ಕೆಯಂತೆ ಕೇಳಿಸುವುದು ಇದರಿಂದಲೇ. ಸ್ವರ ಮರೆಯಾದರೂ ಅದರ ಮಾತ್ರೆ ಮಾತ್ರ ಉಳಿದಿರುತ್ತದೆ. ಇಲ್ಲೊಂದು ಸೊಗಸಾದ ಹೊಂದಾಣಿಕೆಯಿದೆ: ಸಸುಕೆ ಮೂರು ಲಘು, ಸಸ್ಕೆ ಒಂದು ಗುರು ಒಂದು ಲಘು, ಎರಡೂ ಮೂರೇ ಮಾತ್ರೆ. ಹೇಳುವಾಗ ಹಾಗೆ ಹೇಳಿದರೂ ಲಯ ಕೆಡುವುದಿಲ್ಲ. ಆದರೆ ಹೆಸರಿನ ಮೊದಲಲ್ಲೇ ಹೀಗಾದಾಗ ಈ ಲೆಕ್ಕ ನಡೆಯುವುದಿಲ್ಲ. ಶಿಕಮರು ಎಂಬುದನ್ನು ಶ್ಕಮರು ಎಂದರೆ ಒಂದು ಮಾತ್ರೆ ಕಳೆದುಹೋಗುತ್ತದೆ. ಆದ್ದರಿಂದ ಬರೆಯುವಾಗ ಸ್ವರವನ್ನು ಪೂರ್ಣವಾಗಿ ಬರೆಯಬೇಕು, ಹೇಳುವಾಗ ಅದನ್ನು ಹಗುರಾಗಿ ತೇಲಿಸಬೇಕು ಎಂಬುದು ನನ್ನ ಸಲಹೆ.

ಎರಡು ಮೂರು ಸ್ವರಗಳು ಒಟ್ಟಿಗೆ ಬಂದರೆ ಹೇಗೆ ಓದುವುದು?

ಕನ್ನಡಿಗರಿಗೆ ನಿಜವಾಗಿ ತೊಡಕಾಗುವುದು ಇಲ್ಲಿ. ಎರಡು ಸ್ವರಗಳು ಎದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ತರುವುದು ನಮ್ಮ ನುಡಿಯ ಗುಣ. ಮನೆಯನ್ನು, ಗುರುವನ್ನು ಎಂಬಲ್ಲಿ ಆಗಮ ಸಂಧಿಯಾಗಿ ಬರುವುದು ಅದೇ. ಅದೇ ಅಭ್ಯಾಸದಿಂದ ಅಒಇ ಎಂಬ ಹೆಸರು ಅವೋಯಿ ಆಗುತ್ತದೆ, ಇನೊಉಎ ಎಂಬ ಮನೆತನದ ಹೆಸರು ಇನೋವೆ ಆಗುತ್ತದೆ. ಅಒಇ ಮೂರು ಬಿಡಿ ಸ್ವರಗಳ ಮೂರು ಮಾತ್ರೆಯ ಹೆಸರು, ಇನೊಉಎ ನಾಲ್ಕು ಮಾತ್ರೆಯದು. ನಡುವೆ ತಡೆಯೂ ಬೇಡ, ಹೊಸ ವ್ಯಂಜನವೂ ಬೇಡ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು.

ನಮ್ಮ ಮಕ್ಕಳಿಗೆ ಡೋರೆಮಾನ್ ಎಂದು ಪರಿಚಯವಾದ ನೀಲಿ ಬೆಕ್ಕಿನ ಹೆಸರು ದೊ-ರ-ಎ-ಮೊ-ನ್, ಐದು ಮಾತ್ರೆ. ಅವನ ಗೆಳೆಯರ ಬಳಗದ ಚೂಪುಮೂತಿಯ ಹುಡುಗ ಸುನೆಒ. ಪದದ ನಡುವೆ ಸ್ವರಾಕ್ಷರ ಬರೆಯುವುದು ಕನ್ನಡಕ್ಕೆ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು, ಆದರೆ ಬಿಎ, ಬಿಇ, ಐಎಎಸ್ ಎಂದು ಪತ್ರಿಕೆಗಳು ದಿನವೂ ಅಚ್ಚುಹಾಕುತ್ತಿರುವಾಗ ಹೆಸರೊಂದಕ್ಕೆ ಆ ಸ್ವಾತಂತ್ರ್ಯವನ್ನು ಕೊಡಲು ಹಿಂಜರಿಯಬೇಕಾಗಿಲ್ಲ.

ಎಕಾರದ ನಂತರ ಇಕಾರ ಬಂದಾಗ ಮಾತ್ರ ಅವೆರಡೂ ಸಾಮಾನ್ಯವಾಗಿ ಏ ಎಂದು ಕೂಡಿಕೊಳ್ಳುತ್ತವೆ: ಹೆಇಜಿ ಎಂದು ಬರೆದದ್ದು ಹೇಜಿ, ಸೆನ್ಸೆಇ ಎಂದು ಬರೆದದ್ದು ಸೆನ್ಸೇ.

ಹೆಸರಿನ ಯಾವ ಅಕ್ಷರವನ್ನು ಒತ್ತಿ ಹೇಳಬೇಕು?

ಯಾವುದನ್ನೂ ಒತ್ತಬಾರದು. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಜೋರಾಗಿಯೂ ಉದ್ದವಾಗಿಯೂ ಹೇಳಿ ಉಳಿದವನ್ನು ಮಸುಕಾಗಿಸುತ್ತಾರೆ, ಹಾಗಾಗಿ ಸಕುರ ಎಂಬುದು ಸಕೂರ ಆಗುತ್ತದೆ. ಜಪಾನಿನಲ್ಲಿ ಬದಲಾಗುವುದು ಧ್ವನಿಯ ಶ್ರುತಿ. ಮಾತ್ರೆಗಳೆಲ್ಲ ಸಮವಾಗಿಯೇ ಇರುತ್ತವೆ. ಟೋಕಿಯೊ ನುಡಿಯಲ್ಲಿ ಅಮೆ ಎಂಬ ಪದದ ಮೊದಲ ಮಾತ್ರೆ ಏರಿ ಎರಡನೆಯದು ಇಳಿದರೆ ಮಳೆ ಎಂದರ್ಥ, ತಿರುಗುಮುರುಗಾದರೆ ಮಿಠಾಯಿ. ಈ ಏರಿಳಿತ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಆದ್ದರಿಂದ ಓದುಗರು ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕನ್ನಡದಲ್ಲಿ ಮಾತಾಡುವಂತೆ ಸಮನಾಗಿ ಹೇಳಿದರೆ ಬಹುಮಟ್ಟಿಗೆ ಸರಿಯಾಗಿರುತ್ತದೆ.

ಒಂದೇ ಅಕ್ಷರವನ್ನು ಒಂದು ಹೆಸರಿನಲ್ಲಿ ಸಕಿ ಎಂದೂ ಇನ್ನೊಂದರಲ್ಲಿ ಜಕಿ ಎಂದೂ ಓದುತ್ತಾರಲ್ಲ, ಏಕೆ?

ಎರಡು ಪದಗಳು ಸೇರಿ ಸಮಾಸವಾದಾಗ ಎರಡನೆಯ ಪದದ ಮೊದಲ ವ್ಯಂಜನ ಘೋಷವಾಗುವುದು ಜಪಾನಿ ನುಡಿಯ ಒಂದು ಲಕ್ಷಣ. ಯಮ ಮತ್ತು ಕುಚಿ ಸೇರಿ ಯಮಗುಚಿ, ಹೊನ್ ಮತ್ತು ತ ಸೇರಿ ಹೊಂದ, ಕೊ ಮತ್ತು ಹಯಶಿ ಸೇರಿ ಕೊಬಯಶಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ ಆಗುವ ನಮ್ಮ ಆದೇಶ ಸಂಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ ಗ ಆಗುತ್ತದೆ, ತ ದ ಆಗುತ್ತದೆ. ನಮ್ಮಲ್ಲಿ ಪ ಬ ಆಗುವ ಕಡೆ ಅವರಲ್ಲಿ ಹ ಬ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಆ ವ್ಯತ್ಯಾಸಕ್ಕೂ ಕಾರಣವಿದೆ. ಜಪಾನಿನ ಹಕಾರ ಹಿಂದೊಮ್ಮೆ ಪಕಾರವಾಗಿತ್ತು. ಹೂವಿಗೆ ಈಗ ಹನ ಎನ್ನುವ ಅವರು ಬಹಳ ಹಿಂದೆ ಪನ ಎನ್ನುತ್ತಿದ್ದರು. ಹಳಗನ್ನಡದ ಪೂ ಹೂವಾಗಿ, ಪಾಲು ಹಾಲಾಗಿ ಬದಲಾದ ಕಥೆಯನ್ನು ಬಲ್ಲವರಿಗೆ ಇದು ಅಚ್ಚರಿ ತಾರದೆ ಇರದು. ಎರಡು ನುಡಿಗಳೂ ತಮ್ಮ ತಮ್ಮ ಪಾಡಿಗೆ ಒಂದೇ ಹಾದಿಯಲ್ಲಿ ನಡೆದಿವೆ. ಅವರ ಅಕ್ಷರಮಾಲೆಯ ಕ್ರಮವಾದರೋ ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಪ್ರಭಾವದಿಂದ ರೂಪುಗೊಂಡದ್ದು: ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಪಕಾರ ಇರಬೇಕಾದ ಜಾಗದಲ್ಲಿ ಅಲ್ಲಿ ಹಕಾರ ಕುಳಿತಿದೆ.

ಈ ಬದಲಾವಣೆ ಮನೆತನದ ಹೆಸರುಗಳಲ್ಲಿ ಒಂದೇ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಒಂದೇ ರೀತಿಯಲ್ಲಿ ಬರೆಯುವ ಹೆಸರನ್ನು ಒಂದು ಮನೆಯವರು ಯಮಸಕಿ ಎಂದರೆ ಇನ್ನೊಂದು ಮನೆಯವರು ಯಮಜಕಿ ಎನ್ನುತ್ತಾರೆ. ನಕಶಿಮ ಮತ್ತು ನಕಜಿಮ ಕೂಡ ಹಾಗೆಯೇ. ಊಹಿಸಿ ಹೇಳುವುದು ಸಲ್ಲದು, ನೋಡಿಯೇ ತಿಳಿಯಬೇಕು.

ಫ, ಜ, ರ, ಲ ಧ್ವನಿಗಳ ವಿಷಯದಲ್ಲಿ ಏನು ಗಮನಿಸಬೇಕು?

ಫುಶಿಗುರೊ ಎಂಬಲ್ಲಿನ ಫು ಹೇಳುವಾಗ ಕೆಳದುಟಿಯನ್ನು ಹಲ್ಲು ಮುಟ್ಟಬಾರದು. ಬಿಸಿ ಹಾಲನ್ನು ಊದಿ ಆರಿಸುವಂತೆ ಎರಡು ತುಟಿಗಳ ನಡುವಿನಿಂದ ಉಸಿರು ಬಿಡಬೇಕು. ಮಹಾಪ್ರಾಣದ ಫಕಾರ ಅದಲ್ಲ. ನೆಜುಕೊ, ಜೊರೊ ಮುಂತಾದ ಹೆಸರುಗಳ ಜಕಾರ ಸಕಾರದ ಘೋಷರೂಪ. ಅದನ್ನು ಗೊಜೋ ಎಂಬಲ್ಲಿನ ಜಕಾರದಿಂದ ಬೇರ್ಪಡಿಸಲು ಬಯಸುವವರು ಅಕ್ಷರಕ್ಕೆ ಚುಕ್ಕಿ ಸೇರಿಸಿ ಜ಼ ಎಂದು ಬರೆಯಬಹುದು. ರಕಾರ ನಮ್ಮದರಂತೆಯೇ ಇದೆ. ಲಕಾರ ಜಪಾನಿನಲ್ಲಿ ಬೇರೆ ಧ್ವನಿಯಾಗಿ ಇಲ್ಲ.

ಪಾತ್ರದ ಹೆಸರು ಮೊದಲೋ, ಮನೆತನದ ಹೆಸರು ಮೊದಲೋ?

ಜಪಾನಿನಲ್ಲಿ ಮನೆತನದ ಹೆಸರೇ ಮೊದಲು: ಉಜುಮಕಿ ನರುತೊ, ಇತದೊರಿ ಯೂಜಿ. ಇಂಗ್ಲಿಷ್ ಅನುವಾದಗಳು ಇದನ್ನು ಹಿಂದುಮುಂದು ಮಾಡುವುದುಂಟು. 2020ರ ಜನವರಿ 1ರಿಂದ ಜಪಾನ್ ಸರ್ಕಾರ ತನ್ನ ದಾಖಲೆಗಳಲ್ಲಿ ರೋಮನ್ ಲಿಪಿಯಲ್ಲಿ ಬರೆಯುವಾಗಲೂ ಮನೆತನದ ಹೆಸರನ್ನೇ ಮೊದಲು ಇಡುತ್ತಿದೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಬರೆಯುವ ಕನ್ನಡಿಗರು ಈ ಕ್ರಮವನ್ನು ತಿರುಗಿಸುವ ಅಗತ್ಯವೇ ಇಲ್ಲ. ಹೆಸರಿನ ಹಿಂದೆ ಬರುವ ಸನ್, ಕುನ್, ಚನ್, ಸಮ ಎಲ್ಲವೂ ಹ್ರಸ್ವ. ನಮ್ಮಲ್ಲಿ ರೂಢಿಯಾದ ಶಿನ್‌ಚಾನ್ ನಿಜಕ್ಕೂ ಶಿನ್‌ಚನ್.

ವಿದೇಶಿ ಹೆಸರಿನ ಪಾತ್ರಗಳನ್ನು ಹೇಗೆ ಕರೆಯಬೇಕು?

ಇದು ವಿವೇಚನೆಯ ಮಾತು. ಅಟ್ಯಾಕ್ ಆನ್ ಟೈಟನ್ ಕಥೆಯ ಎರೆನ್ ಎಂಬ ನಾಯಕನ ಮನೆತನದ ಹೆಸರು ಬೇಟೆಗಾರ ಎಂಬ ಅರ್ಥದ ಜರ್ಮನ್ ಪದ, ಜಪಾನಿ ಬರವಣಿಗೆಯಲ್ಲೂ ಅದು ಯೇ ಎಂದೇ ಆರಂಭವಾಗುತ್ತದೆ. ಆದ್ದರಿಂದ ಯೇಗರ್ ಎನ್ನಬೇಕು, ಜೇಗರ್ ಎನ್ನಬಾರದು. ಅದೇ ಕಥೆಯ ದಳನಾಯಕನನ್ನು ಇಂಗ್ಲಿಷಿನವರು ಲೀವಾಯ್ ಎಂದರೆ ಜಪಾನಿಯರು ರಿವೈ ಎನ್ನುತ್ತಾರೆ. ಕಡಲುಗಳ್ಳರ ಕಥೆಯ ನಾಯಕ ಜಪಾನಿಯರ ಬಾಯಲ್ಲಿ ರುಫಿ. ಕನ್ನಡದಲ್ಲಿ ಲುಫಿ ಎಂದರೆ ಅಧಿಕೃತ ರೋಮನ್ ಬರಹಕ್ಕೂ ಮೂಲ ಸ್ವರಗಳಿಗೂ ನ್ಯಾಯ ಸಲ್ಲುತ್ತದೆ, ಲಫ್ಫಿ ಎಂದರೆ ಎರಡಕ್ಕೂ ಸಲ್ಲುವುದಿಲ್ಲ. ಸಾವಿನ ಪುಸ್ತಕವನ್ನು ಹಿಡಿದ ಯಗಮಿಯ ಹೆಸರನ್ನು ಚಂದ್ರ ಎಂಬ ಅರ್ಥದ ಅಕ್ಷರದಲ್ಲಿ ಬರೆದು ರೈತೊ, ಅಂದರೆ ಇಂಗ್ಲಿಷಿನ ಲೈಟ್, ಎಂದು ಓದಿಸುತ್ತಾರೆ. ಅಲ್ಲಿ ಲೈಟ್ ಎನ್ನುವುದರಲ್ಲಿ ತಪ್ಪಿಲ್ಲ.

ಮಂಗ, ಮಂಗಾ, ಮಾಂಗಾ: ಚಿತ್ರಕಥೆಯ ಹೆಸರನ್ನೇ ಹೇಗೆ ಬರೆಯಬೇಕು?

ಜಪಾನಿ ಉಚ್ಚಾರಣೆ ಮ-ನ್-ಗ, ಅಂದರೆ ಮೂಲಕ್ಕೆ ಹತ್ತಿರವಾದದ್ದು ಮಂಗ. ಆದರೆ ಆ ಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥ ಗಟ್ಟಿಯಾಗಿ ನೆಲೆಗೊಂಡಿರುವುದರಿಂದ ಗೊಂದಲವಾಗದಂತೆ ಮಂಗಾ ಎಂದು ಕೊನೆಯನ್ನಷ್ಟೇ ಎಳೆಯುವುದು ಸೂಕ್ತ. ಮೊದಲ ಅಕ್ಷರವನ್ನೂ ಎಳೆದು ಮಾಂಗಾ ಎನ್ನುವುದಕ್ಕೆ ಕಾರಣವಿಲ್ಲ. ಅನಿಮೆ ಎಂಬುದರ ಮೂರೂ ಅಕ್ಷರಗಳು ಹ್ರಸ್ವ.

ಜಪಾನಿ ಭಾಷೆ ಕಲಿಯದೆ ಒಂದು ಹೆಸರಿನ ಸರಿಯಾದ ಉಚ್ಚಾರಣೆಯನ್ನು ಪತ್ತೆಮಾಡಬಹುದೇ?

ಮಾಡಬಹುದು. ಮಕ್ಕಳಿಗೆ ಮತ್ತು ಹದಿಹರೆಯದವರಿಗೆಂದು ಬರುವ ಮಂಗಾ ಪತ್ರಿಕೆಗಳಲ್ಲಿ ಚೀನೀ ಮೂಲದ ಕಂಜಿ ಅಕ್ಷರಗಳ ಪಕ್ಕದಲ್ಲಿ ಫುರಿಗನ ಎಂಬ ಪುಟ್ಟ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಮುದ್ರಿಸಿರುತ್ತಾರೆ. ಜಪಾನಿ ವಿಕಿಪೀಡಿಯದ ಪುಟಗಳಲ್ಲೂ ಹೆಸರಿನ ಪಕ್ಕದ ಆವರಣದಲ್ಲಿ ಇದೇ ಅಕ್ಷರಗಳು ಸಿಗುತ್ತವೆ. ಇವನ್ನು ಬರೆಯುವುದು ಹಿರಗನ, ಕತಕನ ಎಂಬ ಎರಡು ಲಿಪಿಗಳಲ್ಲಿ. ಅವುಗಳಲ್ಲಿ ತಲಾ 46 ಮೂಲ ಅಕ್ಷರಗಳಿವೆ, ಕಾಗುಣಿತ ಕಲಿತವರಿಗೆ ಕೆಲವು ವಾರಗಳ ಬಿಡುವಿನ ಕೆಲಸ. ಕತಕನದಲ್ಲಿ ಉದ್ದ ಗೆರೆ ಕಂಡರೆ ದೀರ್ಘ. ಹಿರಗನದಲ್ಲಿ ಒಕಾರದ ಮುಂದೆ ಉಕಾರ ಬಂದರೆ ಸಾಮಾನ್ಯವಾಗಿ ಓ, ಮೇಲೆ ಹೇಳಿದ ಇನೊಉಎಯಂತಹ ಹೆಸರುಗಳನ್ನು ಬಿಟ್ಟು. ಚಿಕ್ಕದಾಗಿ ಬರೆದ ತ್ಸು ಕಂಡರೆ ಮುಂದಿನದು ಒತ್ತಕ್ಷರ.

ಅಕ್ಷರಗಳನ್ನು ಹೀಗೆ ಓದಿಕೊಂಡ ಮೇಲೆ ಅನಿಮೆಯ ಮೂಲ ಜಪಾನಿ ಧ್ವನಿಯಲ್ಲಿ ಆ ಹೆಸರನ್ನು ಯಾರಾದರೂ ಕೂಗುವ ದೃಶ್ಯವನ್ನು ಹುಡುಕಿ, ಬೆರಳಲ್ಲಿ ಮಾತ್ರೆ ಎಣಿಸುತ್ತ ಕೇಳಿ. ಮೊದಲು ಹೆಸರನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು ಆಮೇಲೆ ಕೇಳುವುದು ಉತ್ತಮ, ಏಕೆಂದರೆ ಬರೆದದ್ದಕ್ಕೂ ಕೇಳಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ.